ವಿದೇಶಾಂಗ ಸಚಿವರ ಸಂಸತ್ ಉತ್ತರಗಳನ್ನು ಓದುವ ಬಗೆ

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರಲ್ಲಿ ಹೆಚ್ಚಿನವರು ಪ್ರಶ್ನೋತ್ತರ ವೇಳೆಯನ್ನು ಸಂವಿಧಾನದ ಪಾಠದಲ್ಲಿ ಓದಿ ಮುಗಿಸುತ್ತಾರೆ, ವಿದೇಶಾಂಗ ನೀತಿಯನ್ನು ಅಂತರರಾಷ್ಟ್ರೀಯ ಸಂಬಂಧಗಳ ಪಾಠದಲ್ಲಿ ಪ್ರತ್ಯೇಕವಾಗಿ ಓದುತ್ತಾರೆ. ಈ ಎರಡೂ ಪಾಠಗಳು ಒಂದೆಡೆ ಸೇರುವುದು ವಿದೇಶಾಂಗ ಸಚಿವಾಲಯವು ಸಂಸತ್ತಿಗೆ ಕೊಡುವ ಉತ್ತರ ಪ್ರತಿಗಳಲ್ಲಿ. ಚೀನಾ ಗಡಿಯ ಸ್ಥಿತಿ ಏನು ಎಂಬ ಪ್ರಶ್ನೆಗೂ, ತಮ್ಮ ಕ್ಷೇತ್ರದಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಯಾವಾಗ ತೆರೆಯುತ್ತದೆ ಎಂಬ ಪ್ರಶ್ನೆಗೂ ಅದೇ ಸಚಿವಾಲಯ, ಕೆಲವೊಮ್ಮೆ ಅದೇ ದಿನ, ಉತ್ತರ ಹೇಳಬೇಕು. ಈ ಎರಡು ಬಗೆಯ ಉತ್ತರಗಳನ್ನು ಒಂದೇ ಅಳತೆಗೋಲಿನಿಂದ ಅಳೆಯಬಾರದು ಎಂಬುದು ಈ ಟಿಪ್ಪಣಿಯ ಮುಖ್ಯ ವಿಷಯ. ರಾಜತಾಂತ್ರಿಕ ಉತ್ತರದಲ್ಲಿ ತೂಗಿ ಬಳಸಿದ ಪದವನ್ನು ಗಮನಿಸಬೇಕು, ಸೇವೆಯ ಕುರಿತ ಉತ್ತರದಲ್ಲಿ ಅಂಕಿಯನ್ನೂ ಕ್ರಿಯಾಪದದ ಕಾಲವನ್ನೂ ಗಮನಿಸಬೇಕು.

ಮೊದಲು ಅಧಿಕಾರದ ನೆಲೆಯನ್ನು ನೋಡೋಣ. ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ ವಿದೇಶಾಂಗ ವ್ಯವಹಾರ 10ನೇ ನಮೂದು, ರಾಯಭಾರ ಮತ್ತು ಕಾನ್ಸುಲರ್ (ವಿದೇಶದಲ್ಲಿರುವ ನಾಗರಿಕರಿಗೆ ನೆರವಾಗುವ ಕಚೇರಿಗಳ) ಪ್ರಾತಿನಿಧ್ಯ 11ನೇ ನಮೂದು, ವಿದೇಶಗಳೊಂದಿಗಿನ ಒಪ್ಪಂದಗಳು 14ನೇ ನಮೂದು, ಪಾಸ್‌ಪೋರ್ಟ್ ಮತ್ತು ವೀಸಾ 19ನೇ ನಮೂದು. ಪೊಲೀಸ್ ಮಾತ್ರ ರಾಜ್ಯ ಪಟ್ಟಿಯಲ್ಲಿದೆ. ಪಾಸ್‌ಪೋರ್ಟ್ ಕೊಡುವುದು ಕೇಂದ್ರವಾದರೂ ಅರ್ಜಿದಾರರ ಮನೆಬಾಗಿಲಿಗೆ ಪರಿಶೀಲನೆಗೆ ಬರುವವರು ರಾಜ್ಯದ ಪೊಲೀಸರು. ವಿಳಂಬದ ಬಗ್ಗೆ ಪ್ರಶ್ನೆ ಎದ್ದಾಗಲೆಲ್ಲ ಈ ಹಂಚಿಕೆ ಉತ್ತರದೊಳಗೆ ಕಾಣಿಸಿಕೊಳ್ಳುತ್ತದೆ, ಆದ್ದರಿಂದ ಇದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಸಚಿವರು ಯಾವ ಸದನದ ಸದಸ್ಯರು ಎಂಬುದರಿಂದ ಅವರ ಹೊಣೆ ಬದಲಾಗುವುದಿಲ್ಲ. 2019ರಿಂದ ವಿದೇಶಾಂಗ ಸಚಿವರಾಗಿರುವ ಎಸ್. ಜೈಶಂಕರ್ ಅವರು ಗುಜರಾತಿನಿಂದ ರಾಜ್ಯಸಭೆಗೆ ಆಯ್ಕೆಯಾದವರು. 2009ರಿಂದ 2012ರವರೆಗೆ ಆ ಖಾತೆ ನಿರ್ವಹಿಸಿದ ನಮ್ಮ ಎಸ್.ಎಂ. ಕೃಷ್ಣ ಅವರೂ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದವರು. ಸಂವಿಧಾನದ 88ನೇ ವಿಧಿಯಂತೆ ಸಚಿವರು ಯಾವ ಸದನದಲ್ಲಿ ಬೇಕಾದರೂ ಮಾತನಾಡಬಹುದು, ಮತ ಹಾಕುವುದು ಮಾತ್ರ ತಾವು ಸದಸ್ಯರಾಗಿರುವ ಸದನದಲ್ಲಿ. 75(3)ನೇ ವಿಧಿಯ ಸಾಮೂಹಿಕ ಹೊಣೆಗಾರಿಕೆ ಲೋಕಸಭೆಗೆ ಸಂಬಂಧಿಸಿದ್ದರಿಂದ, ರಾಜ್ಯಸಭಾ ಸದಸ್ಯರಾದ ಸಚಿವರೂ ಲೋಕಸಭೆಯಲ್ಲಿ ಎದ್ದು ನಿಂತು ಉತ್ತರ ಕೊಡುತ್ತಾರೆ.

ಪ್ರಶ್ನೆ ಸದನಕ್ಕೆ ಬರುವ ದಾರಿ

ಲೋಕಸಭೆಯಲ್ಲಿ ಕಲಾಪದ ಮೊದಲ ಗಂಟೆ, ಅಂದರೆ ಬೆಳಿಗ್ಗೆ 11ರಿಂದ 12, ಪ್ರಶ್ನೋತ್ತರ ವೇಳೆ. ರಾಜ್ಯಸಭೆಯಲ್ಲಿ 2014ರ ಚಳಿಗಾಲದ ಅಧಿವೇಶನದಿಂದ ಅದು ಮಧ್ಯಾಹ್ನ 12ಕ್ಕೆ ಆರಂಭವಾಗುತ್ತದೆ. ಸಚಿವಾಲಯಗಳನ್ನು ವಾರದ ದಿನಗಳಿಗೆ ಹಂಚಿರುತ್ತಾರೆ, ಇತ್ತೀಚಿನ ವರ್ಷಗಳಲ್ಲಿ ವಿದೇಶಾಂಗ ಸಚಿವಾಲಯದ ಸರದಿ ರಾಜ್ಯಸಭೆಯಲ್ಲಿ ಗುರುವಾರ, ಲೋಕಸಭೆಯಲ್ಲಿ ಶುಕ್ರವಾರ ಬರುತ್ತಿದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಮೌಖಿಕವಾಗಿ ಉತ್ತರಿಸುತ್ತಾರೆ, ಅದರ ಬೆನ್ನಿಗೆ ಉಪಪ್ರಶ್ನೆ ಕೇಳಲು ಅವಕಾಶವಿದೆ. ಲೋಕಸಭೆಯಲ್ಲಿ ದಿನಕ್ಕೆ 20, ರಾಜ್ಯಸಭೆಯಲ್ಲಿ 15 ಇಂಥ ಪ್ರಶ್ನೆಗಳು ಪಟ್ಟಿಯಲ್ಲಿರುತ್ತವೆ. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ, ಲೋಕಸಭೆಯಲ್ಲಿ ದಿನಕ್ಕೆ 230, ರಾಜ್ಯಸಭೆಯಲ್ಲಿ 160. ಇವು ಎಲ್ಲ ಸಚಿವಾಲಯಗಳಿಗೂ ಸೇರಿದ ಸಂಖ್ಯೆಗಳು ಎಂಬುದನ್ನು ಮರೆಯಬಾರದು.

ಪ್ರಶ್ನೆಗೆ ಕನಿಷ್ಠ 15 ಪೂರ್ಣ ದಿನಗಳ ಸೂಚನೆ ಬೇಕು. ಪ್ರಶ್ನೆ 150 ಪದಗಳನ್ನು ಸಾಮಾನ್ಯವಾಗಿ ಮೀರಬಾರದು. ಲೋಕಸಭಾ ನಿಯಮಾವಳಿಯ 41ನೇ ನಿಯಮದಲ್ಲಿ ಪ್ರಶ್ನೆ ಹೇಗಿರಬಾರದು ಎಂಬ ಉದ್ದನೆಯ ಪಟ್ಟಿಯಿದ್ದು, ನಮ್ಮ ವಿಷಯಕ್ಕೆ ಅದರಲ್ಲಿ ಎರಡು ಷರತ್ತುಗಳು ಮುಖ್ಯ. ಸ್ವಭಾವತಃ ಗೋಪ್ಯವಾದ ಸಂಗತಿಯ ಬಗ್ಗೆ ಪ್ರಶ್ನೆ ಮಾಹಿತಿ ಕೇಳುವಂತಿಲ್ಲ, ಸ್ನೇಹಪರ ವಿದೇಶವೊಂದನ್ನು ಅಗೌರವದಿಂದ ಉಲ್ಲೇಖಿಸುವಂತಿಲ್ಲ. ಎರಡನೆಯ ಷರತ್ತು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಸದನದಲ್ಲಿ ಆಡಿದ ಮಾತು ಸದನದೊಳಗೇ ಉಳಿಯುವುದಿಲ್ಲ, ಅದನ್ನು ಬೇರೆ ರಾಜಧಾನಿಗಳಲ್ಲಿಯೂ ಯಾರೋ ಕುಳಿತು ಓದುತ್ತಿರುತ್ತಾರೆ ಎಂಬ ಅರಿವು ಕೇಳುವವರ ನಿಯಮದಲ್ಲಿಯೇ ಇದೆ. ಹೀಗಿರುವಾಗ ಉತ್ತರಿಸುವವರು ಪದ ತೂಗಿ ಆಡುವುದನ್ನು ಜಾರಿಕೊಳ್ಳುವ ಮಾತು ಎಂದು ತಕ್ಷಣ ತಳ್ಳಿಹಾಕುವುದು ಸರಿಯಲ್ಲ.

ಪದ ತೂಗಿ ಆಡಿದ ಉತ್ತರ

2024ರ ಡಿಸೆಂಬರ್ 3ರಂದು ಜೈಶಂಕರ್ ಅವರು ಭಾರತ–ಚೀನಾ ಸಂಬಂಧದ ಬಗ್ಗೆ ಲೋಕಸಭೆಯಲ್ಲಿ ಹೇಳಿಕೆ ನೀಡಿದರು. ಪೂರ್ವ ಲಡಾಖ್‌ನಲ್ಲಿ ಎದುರುಬದುರಾಗಿ ನಿಂತಿದ್ದ ಸೇನೆಗಳನ್ನು ಹಂತಹಂತವಾಗಿ ಹಿಂದಕ್ಕೆ ಸರಿಸುವ ಕೆಲಸ ದೆಪ್ಸಾಂಗ್ ಮತ್ತು ದೆಮ್‌ಚೋಕ್‌ನೊಂದಿಗೆ ಪೂರ್ಣಗೊಂಡಿದೆ, ಮುಂದಿನ ಆದ್ಯತೆ ಗಡಿಯುದ್ದಕ್ಕೂ ಜಮಾವಣೆಯಾಗಿರುವ ಪಡೆಗಳನ್ನು ಇಳಿಸಿ ಉದ್ವಿಗ್ನತೆಯನ್ನು ತಗ್ಗಿಸುವುದು ಎಂಬುದು ಅದರ ತಿರುಳು. ಪತ್ರಿಕೆಯ ತಲೆಬರಹವನ್ನಷ್ಟೇ ಓದಿದವರು ಈ ಎರಡನ್ನೂ ಒಂದೇ ಎಂದು ಬರೆದುಬಿಡುತ್ತಾರೆ. ಮುಖಾಮುಖಿ ತಪ್ಪಿದೆ ಎನ್ನುವುದು ಮುಗಿದ ಕೆಲಸದ ಮಾತು, ಪಡೆಗಳ ಸಂಖ್ಯೆ ಇಳಿಯಬೇಕು ಎನ್ನುವುದು ಉಳಿದ ಕೆಲಸದ ಮಾತು. ಸಂಬಂಧ ಸಹಜ ಸ್ಥಿತಿಗೆ ಮರಳಿದೆ ಎಂದು ಈ ಎರಡು ವಾಕ್ಯಗಳಲ್ಲಿ ಯಾವುದೂ ಹೇಳುವುದಿಲ್ಲ. ಅದೇ ಹೇಳಿಕೆಯಲ್ಲಿ ಅಕ್ಸಾಯ್ ಚಿನ್‌ನ 38,000 ಚದರ ಕಿಲೋಮೀಟರ್ ಚೀನಾದ ಅಕ್ರಮ ವಶದಲ್ಲಿರುವುದನ್ನೂ, 1963ರಲ್ಲಿ ಪಾಕಿಸ್ತಾನವು 5,180 ಚದರ ಕಿಲೋಮೀಟರ್ ಭೂಮಿಯನ್ನು ಚೀನಾಕ್ಕೆ ಬಿಟ್ಟುಕೊಟ್ಟದ್ದನ್ನೂ ಸಚಿವರು ದಾಖಲಿಸಿದರು. ಸೇನೆಗಳನ್ನು ಹಿಂದಕ್ಕೆ ಸರಿಸುವ ಹೊಸ ಒಪ್ಪಂದದ ಸುದ್ದಿ ಹೇಳುವಾಗ ಹಳೆಯ ಹಕ್ಕನ್ನು ಮತ್ತೆ ಉಚ್ಚರಿಸುವುದಕ್ಕೂ ಕಾರಣವಿದೆ. ಒಪ್ಪಂದ ಮಾಡಿಕೊಂಡ ಮಾತ್ರಕ್ಕೆ ಹಕ್ಕು ಬಿಟ್ಟಂತಲ್ಲ ಎಂಬುದು ಸದನದ ದಾಖಲೆಯಲ್ಲಿ ಉಳಿಯಬೇಕು.

ಇದು ಪ್ರಶ್ನೆಗೆ ಕೊಟ್ಟ ಉತ್ತರವಲ್ಲ, ಸಚಿವರು ತಾವಾಗಿ ನೀಡಿದ ಹೇಳಿಕೆ ಎಂಬುದನ್ನೂ ಗಮನಿಸಿ. 15 ದಿನಗಳ ಸೂಚನೆ ಬೇಕಾದ ಪ್ರಶ್ನೆ ನಿನ್ನೆ ನಡೆದ ಘಟನೆಯನ್ನು ಹಿಡಿಯಲಾರದು, ಆಗ ಹೇಳಿಕೆಯೇ ದಾರಿ. 2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು ಗಡೀಪಾರಾದ 104 ಭಾರತೀಯರನ್ನು ಅಮೃತಸರದಲ್ಲಿ ಇಳಿಸಿತು. ಅವರಿಗೆ ಕೈಕೋಳ ತೊಡಿಸಿದ್ದ ಸುದ್ದಿ ದೇಶದ ಮನಸ್ಸನ್ನು ಕಲಕಿತ್ತು. ಮರುದಿನ ಸಚಿವರು ರಾಜ್ಯಸಭೆಯಲ್ಲಿ ಹೇಳಿಕೆ ನೀಡಿ, 2009ರಿಂದ ವರ್ಷವಾರು ಗಡೀಪಾರಿನ ಅಂಕಿಗಳನ್ನು ಓದಿದರು. 2009ರಲ್ಲಿ 734, 2019ರಲ್ಲಿ 2,042, 2024ರಲ್ಲಿ 1,368. ಗಡೀಪಾರು ಹೊಸದಲ್ಲ ಎಂಬುದನ್ನು ಪಟ್ಟಿ ಹೇಳಿತು. ಗಡೀಪಾರಿನ ವೇಳೆ ಕೈಕೋಳದಂಥ ನಿರ್ಬಂಧಕ ಬಳಸುವ ಅಮೆರಿಕದ ಕಾರ್ಯವಿಧಾನ 2012ರಿಂದ ಜಾರಿಯಲ್ಲಿದೆ, ಮಹಿಳೆಯರಿಗೂ ಮಕ್ಕಳಿಗೂ ಅದನ್ನು ಬಳಸುವುದಿಲ್ಲವೆಂದು ಅಮೆರಿಕ ತಿಳಿಸಿದೆ ಎಂದೂ, ಮರಳುವವರನ್ನು ಯಾವ ರೀತಿಯಲ್ಲಿಯೂ ಕೆಟ್ಟದಾಗಿ ನಡೆಸಿಕೊಳ್ಳದಂತೆ ನೋಡಿಕೊಳ್ಳಲು ಆ ಸರ್ಕಾರದೊಂದಿಗೆ ಮಾತುಕತೆಯಲ್ಲಿದ್ದೇವೆ ಎಂದೂ ಅವರು ಹೇಳಿದರು. ಇಲ್ಲಿ ಕಲಿಯುವವರು ಗುರುತಿಸಬೇಕಾದದ್ದು ಒಂದು ವ್ಯತ್ಯಾಸ: ಸದನ ಕೇಳುತ್ತಿದ್ದುದು ಆ 104 ಮಂದಿಯ ಘನತೆಯ ಬಗ್ಗೆ, ಪಟ್ಟಿ ಉತ್ತರಿಸಿದ್ದು ಗಡೀಪಾರಿನ ಇತಿಹಾಸದ ಬಗ್ಗೆ. ಪಟ್ಟಿ ಉಪಯುಕ್ತವೇ ಹೌದು, ಆದರೆ ಅದು ಕೇಳಿದ ಪ್ರಶ್ನೆಗೆ ಪೂರ್ತಿ ಉತ್ತರವಾಗಲಿಲ್ಲ ಎಂದೇ ನನ್ನ ತೀರ್ಮಾನ.

ಹೇಳಿಕೆಯ ವಿಷಯದಲ್ಲಿ ಎರಡು ಸದನಗಳ ಪದ್ಧತಿ ಬೇರೆ. ಲೋಕಸಭೆಯ 372ನೇ ನಿಯಮದಂತೆ ಸಚಿವರು ಹೇಳಿಕೆ ನೀಡುವಾಗ ಪ್ರಶ್ನೆ ಕೇಳುವಂತಿಲ್ಲ. ರಾಜ್ಯಸಭೆಯಲ್ಲಿ ಹೇಳಿಕೆಯ ನಂತರ ಸ್ಪಷ್ಟನೆ ಕೇಳುವ ರೂಢಿ ಬೆಳೆದುಬಂದಿದೆ. ಒಂದೇ ವಿಷಯದ ಹೇಳಿಕೆ ಎರಡೂ ಸದನಗಳಲ್ಲಿ ಆಗಿದ್ದರೆ, ರಾಜ್ಯಸಭೆಯ ಕಲಾಪ ವರದಿಯನ್ನು ಮೊದಲು ಓದುವುದು ಲಾಭಕರ.

ಸೇವೆಯ ಉತ್ತರ: ಅಂಕಿ ಮತ್ತು ಕ್ರಿಯಾಪದ

ಲಿಖಿತ ಉತ್ತರದ ಹಾಳೆಯನ್ನು ಒಮ್ಮೆ ಹತ್ತಿರದಿಂದ ನೋಡಿ. ತಲೆಯಲ್ಲಿ ಸಚಿವಾಲಯದ ಹೆಸರು, ಪ್ರಶ್ನೆಯ ಸಂಖ್ಯೆ, ಉತ್ತರಿಸಬೇಕಾದ ದಿನಾಂಕ, ವಿಷಯದ ಶೀರ್ಷಿಕೆ. ಕೆಳಗೆ ಪ್ರಶ್ನೆ ಎ, ಬಿ, ಸಿ, ಡಿ ಎಂದು ಭಾಗಗಳಲ್ಲಿರುತ್ತದೆ: ಇಂಥ ಜಿಲ್ಲೆಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಪ್ರಸ್ತಾವವಿದೆಯೇ, ಹಾಗಿದ್ದಲ್ಲಿ ಅದರ ವಿವರಗಳೇನು, ಇಲ್ಲವಾದಲ್ಲಿ ಕಾರಣಗಳೇನು, ವಿಳಂಬ ತಪ್ಪಿಸಲು ಕೈಗೊಂಡ ಕ್ರಮಗಳೇನು. ಉತ್ತರ ಮಾತ್ರ ಅನೇಕ ವೇಳೆ ‘ಎ ಯಿಂದ ಡಿ’ ಎಂದು ಒಟ್ಟುಗೂಡಿ ಬರುತ್ತದೆ. ಭಾಗಗಳು ಹೀಗೆ ಕರಗಿದಾಗ ಯಾವುದೋ ಒಂದಕ್ಕೆ ಉತ್ತರ ಸಿಗದೇ ಹೋಗಿರಬಹುದು. ಪ್ರಶ್ನೆಯ ನಾಲ್ಕು ಭಾಗಗಳನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡು, ಉತ್ತರದ ಯಾವ ವಾಕ್ಯ ಯಾವ ಭಾಗಕ್ಕೆ ಸೇರುತ್ತದೆ ಎಂದು ಗೆರೆ ಎಳೆದು ಜೋಡಿಸಿದರೆ ಖಾಲಿ ಉಳಿದ ಭಾಗ ಕಣ್ಣಿಗೆ ಬೀಳುತ್ತದೆ. ನಾನು ಈಗ ಯಾವ ಉತ್ತರವನ್ನೂ ಈ ಕೆಲಸ ಮಾಡದೆ ಓದುವುದಿಲ್ಲ.

ಪಾಸ್‌ಪೋರ್ಟ್ ಸೇವೆಯ ಕಥೆಯಲ್ಲಿ ಕರ್ನಾಟಕಕ್ಕೆ ನಿಜವಾದ ಪಾಲಿದೆ. ಕೃಷ್ಣ ಅವರು ವಿದೇಶಾಂಗ ಸಚಿವರಾಗಿದ್ದಾಗ, 2010ರಲ್ಲಿ, ಪಾಸ್‌ಪೋರ್ಟ್ ಸೇವಾ ಯೋಜನೆಯ ಪ್ರಯೋಗ ಬೆಂಗಳೂರು ಮತ್ತು ಚಂಡೀಗಡದಲ್ಲಿ ಮೊದಲಾಯಿತು. 2017ರ ಜನವರಿ 25ರಂದು ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಪ್ರಯೋಗ ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ ಆರಂಭವಾಯಿತು. ಅರ್ಜಿದಾರರು 50 ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗುವ ಪ್ರಸಂಗ ಬರಬಾರದು ಎಂಬುದು ಸುಷ್ಮಾ ಸ್ವರಾಜ್ ಅವರು ವಿದೇಶಾಂಗ ಸಚಿವರಾಗಿದ್ದ ಕಾಲದಲ್ಲಿ ಪ್ರಕಟವಾದ ಗುರಿ, ಕೇಂದ್ರವಿಲ್ಲದ ಪ್ರತಿ ಲೋಕಸಭಾ ಕ್ಷೇತ್ರದಲ್ಲೂ ಅಂಚೆ ಕಚೇರಿಯ ಕೇಂದ್ರ ತೆರೆಯುವುದು ಅದರ ಮುಂದಿನ ಹೆಜ್ಜೆ. ಇಂಥ ಗುರಿಯಿರುವಲ್ಲಿ ಉತ್ತರದ ಕ್ರಿಯಾಪದವೇ ಮುಖ್ಯ. ‘ಪರಿಶೀಲನೆಯಲ್ಲಿದೆ’, ‘ತೆರೆಯಲು ನಿರ್ಧರಿಸಲಾಗಿದೆ’, ‘ಕಾರ್ಯನಿರ್ವಹಿಸುತ್ತಿದೆ’ ಎಂಬ ಮೂರು ಮಾತುಗಳ ನಡುವೆ ವರ್ಷಗಳ ಅಂತರವಿರಬಹುದು. ದೇಶದ ಒಟ್ಟು ಕೇಂದ್ರಗಳ ಸಂಖ್ಯೆ ಕೊಟ್ಟು, ಕೇಳಿದ ಜಿಲ್ಲೆಯ ಬಗ್ಗೆ ಒಂದೇ ಸಾಲು ಬರೆದಿದ್ದರೆ, ಆ ಒಂದು ಸಾಲೇ ಉತ್ತರ. ಗಡಿಯ ವಿಷಯದಲ್ಲಿ ಸಚಿವರಿಗೆ ಇರುವ ಪದಸಂಯಮದ ವಿನಾಯಿತಿಯನ್ನು ಇಲ್ಲಿ ಕೊಡಬಾರದು. ಪಾಸ್‌ಪೋರ್ಟ್ ಕೇಂದ್ರದ ಕುರಿತು ಸ್ಪಷ್ಟವಾಗಿ ಹೇಳಿದರೆ ಯಾವ ದೇಶದ ಮನಸ್ಸೂ ನೋಯುವುದಿಲ್ಲ.

ರಾಜತಂತ್ರವೂ ಸೇವೆಯೂ ಬೆರೆತಿರುವ ಪ್ರಶ್ನೆಗಳೇ ಕಷ್ಟದವು. ವಿದೇಶಿ ಜೈಲುಗಳಲ್ಲಿರುವ ಭಾರತೀಯರ ಸಂಖ್ಯೆ ಕೇಳಿದಾಗ ಸಚಿವಾಲಯ ದೇಶವಾರು ಅನುಬಂಧ ಕೊಡುತ್ತದೆ, ಜೊತೆಗೆ ಒಂದು ಎಚ್ಚರಿಕೆಯನ್ನೂ ಸೇರಿಸುತ್ತದೆ: ಅನೇಕ ದೇಶಗಳಲ್ಲಿ ಖಾಸಗಿತನದ ಕಾನೂನು ಬಿಗಿಯಾಗಿದ್ದು, ಕೈದಿ ಒಪ್ಪದಿದ್ದರೆ ಅಲ್ಲಿನ ಅಧಿಕಾರಿಗಳು ಮಾಹಿತಿ ಕೊಡುವುದಿಲ್ಲ. ಆದ್ದರಿಂದ ಆ ಸಂಖ್ಯೆಯನ್ನು ಪರೀಕ್ಷೆಯಲ್ಲಿ ಬರೆಯುವಾಗ ‘ಸಚಿವಾಲಯಕ್ಕೆ ಲಭ್ಯವಿರುವ ಮಾಹಿತಿಯಂತೆ’ ಎಂಬ ಮಾತು ಬಿಡಬಾರದು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಕಾಳಗ ಹತ್ತಿಕೊಂಡು, ಗಿಡಮೂಲಿಕೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಸಮುದಾಯದವರು ಸಿಲುಕಿಕೊಂಡಾಗಲೂ ಇದೇ ಬೆರಕೆ ಕಂಡಿತು. ‘ಆಪರೇಷನ್ ಕಾವೇರಿ’ಯಲ್ಲಿ 3,862 ಮಂದಿಯನ್ನು ಹೊರತರಲಾಯಿತು. ಅದು ಸೇವೆಯೇ, ಆದರೆ ಕಾದಾಡುತ್ತಿರುವ ಎರಡು ಪಡೆಗಳೊಂದಿಗೂ ನೆರೆಯ ದೇಶಗಳೊಂದಿಗೂ ಮಾತುಕತೆಯಿಲ್ಲದೆ ಅಂಥ ಸೇವೆ ಸಾಧ್ಯವಿಲ್ಲ, ಆ ಮಾತುಕತೆಯ ವಿವರವೆಲ್ಲ ಸದನದ ಮುಂದೆ ಬರಲೂ ಆಗದು.

ಕೊನೆಯದಾಗಿ, ‘ಮಾಹಿತಿ ಸಂಗ್ರಹಿಸಲಾಗುತ್ತಿದ್ದು ಸದನದ ಮುಂದೆ ಮಂಡಿಸಲಾಗುವುದು’ ಎಂಬ ವಾಕ್ಯ ಕಂಡರೆ ಅಲ್ಲಿಗೆ ಓದು ನಿಲ್ಲಿಸಬೇಡಿ. ಸಂಸದೀಯ ಪದ್ಧತಿಯಲ್ಲಿ ಅದು ಭರವಸೆ. ಅದನ್ನು ಮೂರು ತಿಂಗಳೊಳಗೆ ಈಡೇರಿಸಬೇಕು, ಈಡೇರಿತೇ ಎಂದು ನೋಡಲು ಎರಡೂ ಸದನಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿಗಳಿವೆ. ಉತ್ತರದ ದಿನಾಂಕವನ್ನು ಗುರುತು ಹಾಕಿಕೊಂಡು, ಮುಂದಿನ ಅಧಿವೇಶನದಲ್ಲಿ ಮಂಡನೆಯಾಗುವ ಅನುಷ್ಠಾನ ಹೇಳಿಕೆಯನ್ನು, ಅಂದರೆ ಭರವಸೆ ಈಡೇರಿದ ವಿವರವನ್ನು, ಹುಡುಕಿದರೆ ಸದಸ್ಯರಿಗೆ ಅಂದು ಸಿಗದ ಅಂಕಿ ಅನೇಕ ವೇಳೆ ಅಲ್ಲಿ ಸಿಗುತ್ತದೆ.