ಅಮಾನತಾದ ಮೇಲೆ ಏನು? ಪೊಲೀಸ್ ಹೊಣೆಗಾರಿಕೆಯ ಹಿಂದಿನ ಕಥೆ

2024ರ ಮೇ 24ರ ರಾತ್ರಿ ದಾವಣಗೆರೆ ಜಿಲ್ಲೆಯ ಚನ್ನಗಿರಿ ಪೊಲೀಸ್ ಠಾಣೆಯ ಮೇಲೆ ಕಲ್ಲುಗಳು ಬಿದ್ದವು. ಮಟ್ಕಾ ಆರೋಪದ ಮೇಲೆ ಠಾಣೆಗೆ ಕರೆತಂದಿದ್ದ ಯುವಕನೊಬ್ಬ ಸತ್ತಿದ್ದ. ಸುದ್ದಿ ಹರಡುತ್ತಿದ್ದಂತೆ ಜನ ಸೇರಿದರು, ವಾಹನಗಳು ಜಖಂಗೊಂಡವು, ಹತ್ತಕ್ಕೂ ಹೆಚ್ಚು ಪೊಲೀಸರು ಗಾಯಗೊಂಡರು. ಮರುದಿನ ಡಿವೈಎಸ್‌ಪಿ ಮತ್ತು ಇನ್‌ಸ್ಪೆಕ್ಟರ್ ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು. ಇದು ಲಾಕಪ್ ಡೆತ್ ಅಲ್ಲ, ಆತ ಠಾಣೆಯಲ್ಲಿ ಇದ್ದದ್ದೇ ಕೆಲವು ನಿಮಿಷ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು. ಎಫ್‌ಐಆರ್ ಇಲ್ಲದೆ ಕರೆತಂದದ್ದು ತಪ್ಪು ಎಂದೂ ಒಪ್ಪಿದರು.

ಒಂದೇ ರಾತ್ರಿ ಎರಡು ಕಡತಗಳು ಹುಟ್ಟಿದವು. ಒಂದು ಸಾವಿನದು, ಇನ್ನೊಂದು ಠಾಣೆಯ ಮೇಲಿನ ದಾಳಿಯದು. ಕಲ್ಲು ಹೊಡೆದವರ ಮೇಲೆ ಪ್ರಕರಣ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ಕಡೆ ಎರಡನೆಯ ಕಡತ ಮೊಬೈಲ್ ವಿಡಿಯೊಗಳ ಬಲದಿಂದ ಓಡುತ್ತದೆ, ಮೊದಲನೆಯದು ತೆವಳುತ್ತದೆ. ಜನ ಇದನ್ನು ಗಮನಿಸದೇ ಇರುವುದಿಲ್ಲ. ಬೀದಿಗೆ ಇಳಿಯದಿದ್ದರೆ ಯಾರೂ ಅಮಾನತಾಗುವುದಿಲ್ಲ ಎಂಬ ಪಾಠವನ್ನು ಅವರಿಗೆ ಕಲಿಸಿದವರು ಯಾರು ಎಂದು ಕೇಳಿದರೆ, ಉತ್ತರ ಒಂದು ರಾತ್ರಿಯದಲ್ಲ, ನೂರೈವತ್ತಕ್ಕೂ ಹೆಚ್ಚು ವರ್ಷದ್ದು.

1857ರ ದಂಗೆಯ ನಂತರ ಬ್ರಿಟಿಷರು 1861ರಲ್ಲಿ ಪೊಲೀಸ್ ಕಾಯ್ದೆ ತಂದರು. ಅದರ ಗುರಿ ಜನರ ರಕ್ಷಣೆಗಿಂತ ಹೆಚ್ಚಾಗಿ ಜನರ ಮೇಲಿನ ಹಿಡಿತ. ಗಲಭೆಯಾದ ಊರಿಗೆ ಹೆಚ್ಚುವರಿ ಪೊಲೀಸರನ್ನು ಹಾಕಿ, ಅದರ ಖರ್ಚನ್ನು ಊರವರಿಂದಲೇ ವಸೂಲು ಮಾಡುವ ಅವಕಾಶವೂ ಅದರಲ್ಲಿತ್ತು. ಸ್ವಾತಂತ್ರ್ಯ ಚಳವಳಿಯ ಕಾಲದವರು ಇಂಥ ವಸೂಲಿಯನ್ನು ಪುಂಡುಗಂದಾಯ ಎಂದು ಕರೆದರು. ದಾವಣಗೆರೆ, ಚಿತ್ರದುರ್ಗದ ನಮ್ಮ ಭಾಗ ಮೈಸೂರು ಸಂಸ್ಥಾನದ್ದಾದರೂ ಆಳುವ ಧಾಟಿಯಲ್ಲಿ ದೊಡ್ಡ ವ್ಯತ್ಯಾಸವಿರಲಿಲ್ಲ. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಸೇಂದಿ ಇಳಿಸುವ ಈಚಲು ಮರ ಕಡಿದರು, ಎಸ್. ನಿಜಲಿಂಗಪ್ಪನವರು ಜೈಲು ಸೇರಿದರು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ದಾವಣಗೆರೆಯಲ್ಲೇ ಗೋಲಿಬಾರ್ ಆಯಿತು, ಊರಿನ ಮಕ್ಕಳು ಸತ್ತರು.

ಈ ಕಥೆಗೆ ಒಂದು ವಿಚಿತ್ರ ತಿರುವಿದೆ. ಏಕೀಕರಣದ ನಂತರ ಮೈಸೂರು, ಮುಂಬೈ, ಮದ್ರಾಸು, ಹೈದರಾಬಾದು ಎಂದು ಬೇರೆ ಬೇರೆಯಾಗಿದ್ದ ಪೊಲೀಸ್ ಕಾನೂನುಗಳನ್ನು ಸೇರಿಸಿ 1963ರಲ್ಲಿ ಹೊಸ ಕಾಯ್ದೆ ಮಾಡಿದಾಗ ಮುಖ್ಯಮಂತ್ರಿಯಾಗಿದ್ದವರು ಅದೇ ನಿಜಲಿಂಗಪ್ಪನವರು. ಅದೇ ಇಂದಿನ ಕರ್ನಾಟಕ ಪೊಲೀಸ್ ಕಾಯ್ದೆ. ಅದರ 170ನೇ ಸೆಕ್ಷನ್ ಪ್ರಕಾರ, ಕರ್ತವ್ಯದ ಹೆಸರಿನಲ್ಲಿ ಪೊಲೀಸರು ಮಾಡಿದ ಕೃತ್ಯಕ್ಕೆ, ಅದು ಮಿತಿ ಮೀರಿದ್ದರೂ, ಸರ್ಕಾರದ ಪೂರ್ವಾನುಮತಿ ಇಲ್ಲದೆ ಮೊಕದ್ದಮೆ ನಡೆಸುವಂತಿಲ್ಲ. ಕೃತ್ಯಕ್ಕೂ ಕರ್ತವ್ಯಕ್ಕೂ ಸಮಂಜಸವಾದ ನಂಟಿದ್ದರೆ ಈ ರಕ್ಷಣೆ ಸಿಗುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಹೇಳಿತು. ಲಾಠಿಯ ರುಚಿ ಕಂಡ ಪೀಳಿಗೆಯೇ ಅಧಿಕಾರಕ್ಕೆ ಬಂದು ಈ ಬೇಲಿಯನ್ನು ಕಟ್ಟಿತು ಎನ್ನುವುದು ನನ್ನ ಮಟ್ಟಿಗೆ ಈ ಚರಿತ್ರೆಯ ಅತ್ಯಂತ ಕಹಿಯಾದ ಭಾಗ.

ಮುಂದಿನ ದಶಕಗಳಲ್ಲಿ ಗೋಲಿಬಾರ್‌ಗಳಿಗೆ ಕೊರತೆ ಆಗಲಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬಲಿಯಾದರು. 1990ರ ಅಕ್ಟೋಬರ್‌ನಲ್ಲಿ ಅಡ್ವಾಣಿಯವರ ಅಯೋಧ್ಯೆ ರಥಯಾತ್ರೆಯ ಕಾವಿನಲ್ಲಿ ದಾವಣಗೆರೆ ಕೋಮುಗಲಭೆಯಿಂದ ಹೊತ್ತಿಕೊಂಡಿತು, ಚನ್ನಪಟ್ಟಣವೂ ಹೊತ್ತಿತು. ವೀರೇಂದ್ರ ಪಾಟೀಲರ ಸರ್ಕಾರ ಬಿದ್ದು, ಕೆಲವು ದಿನಗಳ ರಾಷ್ಟ್ರಪತಿ ಆಳ್ವಿಕೆಯ ನಂತರ ಬಂಗಾರಪ್ಪನವರು ಬಂದರು. ಮುಖ್ಯಮಂತ್ರಿಯ ಕುರ್ಚಿ ಬದಲಾದದ್ದು ಎಲ್ಲರಿಗೂ ನೆನಪಿದೆ. ಠಾಣೆಗಳಲ್ಲಿ ಏನು ಬದಲಾಯಿತು ಎಂದು ಆಗ ಕೇಳಿದವರು ಕಡಿಮೆ. 2008ರ ಜೂನ್ 10ರಂದು ಹಾವೇರಿಯಲ್ಲಿ ರಸಗೊಬ್ಬರ ಕೇಳಿದ ರೈತರ ಮೇಲೆ ಗುಂಡು ಹಾರಿತು, ಇಬ್ಬರು ಸತ್ತರು. ಹಾವೇರಿ ಇಂದು ದಾವಣಗೆರೆಯಲ್ಲಿ ಕೂರುವ ಪೂರ್ವ ವಲಯ ಐಜಿಪಿಯವರ ವ್ಯಾಪ್ತಿಗೆ ಸೇರಿದೆ.

ಇಂಥ ಘಟನೆಗಳ ನಂತರ ಸರ್ಕಾರದ ಕೈಗೆ ಮೊದಲು ಸಿಗುವುದು ವಿಚಾರಣಾ ಆಯೋಗ. 1952ರ ವಿಚಾರಣಾ ಆಯೋಗಗಳ ಕಾಯ್ದೆ ಓದಿದರೆ ಅದರ ಬಲವೂ ಮಿತಿಯೂ ಗೊತ್ತಾಗುತ್ತದೆ. ಆಯೋಗ ಸಾಕ್ಷಿಗಳನ್ನು ಕರೆಸಬಹುದು, ದಾಖಲೆ ತರಿಸಬಹುದು. ಆದರೆ ಅದರ ಮುಂದೆ ಕೊಟ್ಟ ಹೇಳಿಕೆಯನ್ನು ಹೇಳಿದವರ ವಿರುದ್ಧ ಮೊಕದ್ದಮೆಯಲ್ಲಿ ಬಳಸುವಂತಿಲ್ಲ, ಸುಳ್ಳು ಸಾಕ್ಷ್ಯದ ಮೊಕದ್ದಮೆಯೊಂದನ್ನು ಬಿಟ್ಟು. ವರದಿಯನ್ನು ಕೈಗೊಂಡ ಕ್ರಮದ ಟಿಪ್ಪಣಿಯ ಜೊತೆ ಆರು ತಿಂಗಳೊಳಗೆ ಶಾಸನಸಭೆಯಲ್ಲಿ ಮಂಡಿಸಬೇಕು, ಒಪ್ಪಲೇಬೇಕೆಂದೇನೂ ಇಲ್ಲ. ಹೀಗಾಗಿ ಆಯೋಗ ಸಿಟ್ಟನ್ನು ಆರಿಸುವ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಅಮಾನತಿನದೂ ಅದೇ ಕಥೆ. ಸೇವಾ ನಿಯಮದಲ್ಲಿ ಅಮಾನತು ಶಿಕ್ಷೆಯೇ ಅಲ್ಲ. ವಿಚಾರಣೆ ಮುಗಿಯುವವರೆಗೆ ದೂರ ಇಡುವ ಕ್ರಮ. ಆ ಅವಧಿಗೆ ಜೀವನಾಧಾರ ಭತ್ಯೆಯೂ ಇರುತ್ತದೆ.

ಬೇರೆ ದಾರಿ ಇರಲಿಲ್ಲವೇ? ಇತ್ತು. ತುರ್ತು ಪರಿಸ್ಥಿತಿಯ ದೌರ್ಜನ್ಯಗಳ ನಂತರ 1977ರಲ್ಲಿ ಧರ್ಮವೀರ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ ರಚನೆಯಾಯಿತು. 1981ರ ಹೊತ್ತಿಗೆ ಎಂಟು ವರದಿಗಳು ಬಂದವು. ದೇಶದಲ್ಲಿ ನಡೆಯುವ ದಸ್ತಗಿರಿಗಳಲ್ಲಿ ಸುಮಾರು ಶೇ 60ರಷ್ಟು ಅನಗತ್ಯ ಅಥವಾ ಅಸಮರ್ಥನೀಯ ಎಂದು ಅದರ ಮೂರನೆಯ ವರದಿ ಹೇಳಿತು. ವರದಿಗಳು ಕಪಾಟು ಸೇರಿದವು. ನಿವೃತ್ತ ಪೊಲೀಸ್ ಅಧಿಕಾರಿ ಪ್ರಕಾಶ್ ಸಿಂಗ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ತೀರ್ಪು ಬಂದದ್ದು 2006ರ ಸೆಪ್ಟೆಂಬರ್ 22ರಂದು. ಏಳು ನಿರ್ದೇಶನಗಳಲ್ಲಿ ಒಂದು, ರಾಜ್ಯ ಮಟ್ಟದಲ್ಲೂ ಜಿಲ್ಲಾ ಮಟ್ಟದಲ್ಲೂ ಪೊಲೀಸ್ ದೂರು ಪ್ರಾಧಿಕಾರ. ಡಿವೈಎಸ್‌ಪಿ ದರ್ಜೆಯವರೆಗಿನ ದೂರು ಜಿಲ್ಲೆಯಲ್ಲಿ, ಎಸ್‌ಪಿ ಮತ್ತು ಮೇಲಿನವರದು ರಾಜ್ಯದಲ್ಲಿ. ಜಿಲ್ಲಾ ಪ್ರಾಧಿಕಾರಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಮುಖ್ಯಸ್ಥರಾಗಬೇಕು, ಶಿಫಾರಸಿಗೆ ಇಲಾಖೆ ಬದ್ಧವಾಗಿರಬೇಕು ಎಂದೂ ಕೋರ್ಟ್ ಹೇಳಿತ್ತು.

ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಈ ಪ್ರಾಧಿಕಾರಗಳಿಗೆ ಜಾಗ ಮಾಡಿತು. ಕಾಗದದ ಮೇಲೆ ಜಾಗ ಸಿಕ್ಕಿತು ಎನ್ನುವುದೇ ಸರಿ. ದಾವಣಗೆರೆಯ ಬಸ್ ನಿಲ್ದಾಣದಲ್ಲೋ ಚಿತ್ರದುರ್ಗದ ಗಾಂಧಿ ವೃತ್ತದಲ್ಲೋ ನಿಂತು ‘ಎಸ್‌ಪಿ ಆಫೀಸು ಎಲ್ಲಿ’ ಎಂದರೆ ಯಾರಾದರೂ ತೋರಿಸುತ್ತಾರೆ. ದೂರು ಪ್ರಾಧಿಕಾರ ಎಲ್ಲಿ ಎಂದರೆ ತೋರಿಸುವವರು ಸಿಗುವುದು ಕಷ್ಟ. ಕೊನೆಗೆ ಪೊಲೀಸರ ಮೇಲಿನ ದೂರನ್ನು ಪೊಲೀಸರ ಮೇಜಿನ ಮೇಲೆಯೇ ಇಟ್ಟು ಬರಬೇಕಾಗುತ್ತದೆ.

ತಿಕ್ಕಾಟ ಹುಟ್ಟುವ ಜಾಗ ಮಾತ್ರ ಇನ್ನೂ ಚಿಕ್ಕದು: ಒಬ್ಬನನ್ನು ಮನೆಯಿಂದಲೋ ಅಂಗಡಿಯಿಂದಲೋ ಜೀಪಿಗೆ ಹತ್ತಿಸಿದ ಗಳಿಗೆಗೂ ಠಾಣೆಯ ಡೈರಿಯಲ್ಲಿ ಅವನ ಹೆಸರು ಬರುವ ಗಳಿಗೆಗೂ ನಡುವಿನ ಅವಧಿ. ‘ವಿಚಾರಣೆಗೆ ಕರೆತಂದಿದ್ದೇವೆ, ದಸ್ತಗಿರಿ ಮಾಡಿಲ್ಲ’ ಎನ್ನುತ್ತಾರೆ. ದಸ್ತಗಿರಿ ಆಗಿದ್ದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಹೆಸರೇ ಇಲ್ಲದಿದ್ದರೆ ಗಡಿಯಾರ ಓಡುವುದಿಲ್ಲ. ಹೊರಗೆ ಕಾಯುವ ಅಣ್ಣನೋ ಹೆಂಡತಿಯೋ ‘ಒಳಗಿದ್ದಾರಾ?’ ಎಂದು ಸೆಂಟ್ರಿಯನ್ನು ಕೇಳುತ್ತಾರೆ. ಠಾಣೆಯ ದಾಖಲೆ ಬರೆಯುವ ರೈಟರ್ ಪುಸ್ತಕ ನೋಡಿ ಆ ಹೆಸರಿನವರು ಯಾರೂ ಇಲ್ಲ ಎನ್ನುತ್ತಾರೆ, ಪುಸ್ತಕದ ಮಟ್ಟಿಗೆ ಅದು ನಿಜವೂ ಹೌದು. ಆಗ ಪುಡಾರಿಯೊಬ್ಬನಿಗೆ ಫೋನ್ ಹೋಗುತ್ತದೆ, ಅಲ್ಲಿಂದ ಇನ್ನೊಬ್ಬರಿಗೆ. ಅರ್ಧ ಗಂಟೆಯಲ್ಲಿ ಠಾಣೆಯ ಮುಂದೆ ಐವತ್ತು ಜನ.

ಇದನ್ನು ತಡೆಯಲೆಂದೇ 1996ರ ಡಿಸೆಂಬರ್ 18ರಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 11 ನಿಯಮ ಹಾಕಿತು. ಹಿಡಿಯುವವರು ಹೆಸರು, ಹುದ್ದೆ ಕಾಣುವ ಪಟ್ಟಿ ಧರಿಸಬೇಕು, ದಸ್ತಗಿರಿ ಮೆಮೊಗೆ ಮನೆಯವರ ಅಥವಾ ಊರಿನ ಗೌರವಸ್ಥರೊಬ್ಬರ ಸಹಿ ಇರಬೇಕು, ಸಂಬಂಧಿಕರಿಗೆ ತಿಳಿಸಬೇಕು, ಮೈಮೇಲಿನ ಗಾಯಗಳನ್ನು ಬರೆದಿಡಬೇಕು, 48 ಗಂಟೆಗೊಮ್ಮೆ ವೈದ್ಯರು ಪರೀಕ್ಷಿಸಬೇಕು. ಪ್ರತಿ ಠಾಣೆಯಲ್ಲೂ ಧ್ವನಿಮುದ್ರಣವಿರುವ ಸಿಸಿಟಿವಿ ಬೇಕು, ದೃಶ್ಯಗಳನ್ನು 18 ತಿಂಗಳು ಇಡಬೇಕು ಎಂದು 2020ರ ಡಿಸೆಂಬರ್‌ನಲ್ಲಿ ಅದೇ ನ್ಯಾಯಾಲಯ ಹೇಳಿತು. ಐದು ವರ್ಷವಾದರೂ ಕ್ಯಾಮೆರಾಗಳು ಸರಿಯಾಗಿಲ್ಲವೆಂದು 2025ರಲ್ಲಿ ಮತ್ತೆ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. ವಶದಲ್ಲಿದ್ದವರು ಸತ್ತರೆ ನ್ಯಾಯಿಕ ಮ್ಯಾಜಿಸ್ಟ್ರೇಟರೇ ವಿಚಾರಣೆ ನಡೆಸಬೇಕೆಂಬ ತಿದ್ದುಪಡಿ 2006ರಿಂದ ಜಾರಿಯಲ್ಲಿದೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 196ನೇ ಸೆಕ್ಷನ್‌ನಲ್ಲಿ ಈಗಲೂ ಇದೆ. ಆ ವಿಚಾರಣೆಯ ಬಗ್ಗೆ ಮೃತರ ಸಂಬಂಧಿಕರಿಗೆ ಸಾಧ್ಯವಾದ ಕಡೆಯೆಲ್ಲ ತಿಳಿಸಬೇಕು, ಹಾಜರಿರಲು ಬಿಡಬೇಕು. ಈ ಹಕ್ಕು ಇದೆಯೆಂದು ಎಷ್ಟು ಮನೆಗಳಿಗೆ ಗೊತ್ತು?

ಇಷ್ಟೆಲ್ಲ ಹೇಳುವಾಗ ಕಲ್ಲೇಟು ತಿಂದ ಕಾನ್‌ಸ್ಟೆಬಲ್ ಬಗ್ಗೆಯೂ ಹೇಳದಿದ್ದರೆ ಮಾತು ಅರ್ಧ. ತಪ್ಪು ಯಾರ ಆದೇಶದ್ದೇ ಆಗಲಿ, ಗೇಟಿನಲ್ಲಿ ನಿಲ್ಲುವವರು ಅವರು. ಗಣಪತಿ ವಿಸರ್ಜನೆ, ಚುನಾವಣೆ, ಜಾತ್ರೆ ಎಂದು ಬಂದೋಬಸ್ತು ಮುಗಿಯುವುದಿಲ್ಲ. 1966ರ ಕಾಯ್ದೆ ಅವರ ಸಂಘಟನೆಯ ಹಕ್ಕನ್ನು ಬಿಗಿಯಾಗಿ ಕಟ್ಟಿಹಾಕಿದೆ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುತ್ತೇವೆಂದು ರಾಜ್ಯದ ಪೊಲೀಸರು ಬೆದರಿಕೆ ಹಾಕಿದಾಗ ಸರ್ಕಾರ ಬೆಚ್ಚಿತು. ಔರಾದ್ಕರ್ ಸಮಿತಿಯ ವೇತನ ಶಿಫಾರಸುಗಳು 2019ರಲ್ಲಿ ಭಾಗಶಃ ಜಾರಿಯಾದವು.

ಜನ ಮತ್ತು ಕಾನ್‌ಸ್ಟೆಬಲ್ ಬೇರೆ ಬೇರೆ ಪಕ್ಷಗಳೆಂದು ಧರ್ಮವೀರ ಆಯೋಗ ನೋಡಲಿಲ್ಲ. 1979ರ ಅದರ ಮೊದಲ ವರದಿಯೊಂದರಲ್ಲೇ ಕಾನ್‌ಸ್ಟೆಬಲ್‌ಗಳ ಸಂಬಳ, ವಸತಿ, ಅಧಿಕಾರಿಗಳ ಮನೆಗೆಲಸಕ್ಕೆ ಪೊಲೀಸರನ್ನು ಹಾಕುವ ಆರ್ಡರ್ಲಿ ಪದ್ಧತಿಯ ಕೊನೆ, ಇವುಗಳ ಜೊತೆಗೇ ಪೊಲೀಸರ ಮೇಲಿನ ದೂರುಗಳನ್ನು ಜನ ನಂಬುವಂತೆ ವಿಚಾರಿಸುವುದು ಹೇಗೆ ಎಂಬುದೂ ಇದೆ. ವಶದಲ್ಲಿ ಸಾವು ಅಥವಾ ತೀವ್ರ ಗಾಯ, ವಶದಲ್ಲಿ ಅತ್ಯಾಚಾರ, ಗೋಲಿಬಾರ್‌ನಲ್ಲಿ ಇಬ್ಬರು ಅಥವಾ ಹೆಚ್ಚು ಜನರ ಸಾವು, ಇಂಥ ಪ್ರಕರಣಗಳಲ್ಲಿ ನ್ಯಾಯಾಂಗ ವಿಚಾರಣೆ ಕಡ್ಡಾಯವಾಗಲಿ ಎಂದು ಅದು ಕೇಳಿತ್ತು. ನ್ಯಾಯ ಕೇಳಿ ಠಾಣೆಯ ಮುಂದೆ ಗುಂಪು ಸೇರಿದೆಯೋ ಇಲ್ಲವೋ ಎಂಬ ಷರತ್ತು ಅದರಲ್ಲಿ ಇರಲಿಲ್ಲ.