ಪ್ರಾಜೋಸಿನ್: ಆಲ್ಫಾ-1 ತಡೆಯಿಂದ ಚೇಳಿನ ವಿಷದವರೆಗೆ

ರಕ್ತದೊತ್ತಡ ಇಳಿಸುವ ಔಷಧ ಪ್ರಾಜೋಸಿನ್‌ನ ಉಪಯೋಗ ಮತ್ತು ಅಡ್ಡಪರಿಣಾಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಅದು ಆಲ್ಫಾ-1 ಗ್ರಾಹಕಗಳನ್ನು (ನರದ ಸಂದೇಶವನ್ನು ಹಿಡಿಯುವ, ಜೀವಕೋಶದ ಮೇಲಿನ ತಾಣಗಳನ್ನು) ತಡೆಯುತ್ತದೆ, ಆಲ್ಫಾ-2 ಗ್ರಾಹಕಗಳನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ ಎಂಬುದು ಮನಸ್ಸಿಗೆ ಬಂದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ರಕ್ತನಾಳದ ಗೋಡೆಯ ಆಲ್ಫಾ-1 ಗ್ರಾಹಕಕ್ಕೆ ನರಗಳು ಸ್ರವಿಸುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಕೂಡಿದಾಗ ನಾಳ ಬಿಗಿಯುತ್ತದೆ. ಆ ಜಾಗವನ್ನು ಪ್ರಾಜೋಸಿನ್ ಹಿಡಿದರೆ ನಾಳ ಸಡಿಲಗೊಂಡು ರಕ್ತದೊತ್ತಡ ಇಳಿಯುತ್ತದೆ; ಪ್ರಾಸ್ಟೇಟ್ ಮತ್ತು ಮೂತ್ರಕೋಶದ ಕೊರಳಿನ ಸ್ನಾಯುವೂ ಹೀಗೆಯೇ ಸಡಿಲಗೊಂಡು ಮೂತ್ರ ಸರಾಗವಾಗುತ್ತದೆ. ನರದ ತುದಿಯ ಆಲ್ಫಾ-2 ಗ್ರಾಹಕ ನಾರ್‌ಅಡ್ರಿನಲಿನ್ ಸ್ರಾವಕ್ಕೆ ಕಡಿವಾಣ ಹಾಕುವಂಥದ್ದು. ಅದು ಉಳಿದುಕೊಳ್ಳುವುದರಿಂದ, ಎರಡನ್ನೂ ತಡೆಯುವ ಫೆನಾಕ್ಸಿಬೆಂಜಮಿನ್ ಎಂಬ ಔಷಧದಲ್ಲಿ ಆಗುವಷ್ಟು ಎದೆಬಡಿತದ ಏರಿಕೆ ಇಲ್ಲಿ ಆಗುವುದಿಲ್ಲ.

ರಾಸಾಯನಿಕವಾಗಿ ಇದು ಕ್ವಿನಜೋಲಿನ್ ಎಂಬ ಉಂಗುರರಚನೆಯ ವರ್ಗದ್ದು. ಉಂಗುರದ 2ನೇ ಸ್ಥಾನದಲ್ಲಿ ಪಿಪೆರಜಿನ್, ಅದರಾಚೆ ಕಾರ್ಬೊನಿಲ್, ಕೊನೆಯಲ್ಲಿ ಫ್ಯೂರಾನ್ ಎಂಬ ಅಣುಭಾಗಗಳು ಸಾಲಾಗಿ ಕೂಡಿವೆ. ಆ ಫ್ಯೂರಾನ್‌ಗೆ ನಾಲ್ಕು ಹೈಡ್ರೋಜನ್ ಸೇರಿದರೆ ಟೆರಾಜೋಸಿನ್ ಎಂಬ ಇನ್ನೊಂದು ಔಷಧ ಆಗುತ್ತದೆ. ಪ್ರಾಜೋಸಿನ್‌ನ ಅರ್ಧಾಯು (ರಕ್ತದಲ್ಲಿನ ಪ್ರಮಾಣ ಅರ್ಧಕ್ಕಿಳಿಯುವ ಅವಧಿ) 2–3 ಗಂಟೆಯಾದರೆ ಟೆರಾಜೋಸಿನ್‌ನದು ಸುಮಾರು 12 ಗಂಟೆ. ಇಷ್ಟು ಚಿಕ್ಕ ಬದಲಾವಣೆಯಿಂದ ದಿನಕ್ಕೆರಡು ಮೂರು ಸಲ ನುಂಗಬೇಕಾದ ಔಷಧ ಒಂದೇ ಸಲಕ್ಕೆ ಸಾಕಾಗುವುದು ನನಗೆ ಈ ಪಾಠದ ಅತ್ಯಂತ ಸುಂದರ ಭಾಗ.

ಅಡ್ಡಪರಿಣಾಮಗಳಲ್ಲಿ ಮರೆಯಬಾರದ್ದು ಮೊದಲ ಗುಳಿಗೆಯ ಬವಳಿ. ಎದ್ದು ನಿಂತಾಗ ಕಾಲಿನ ನಾಳಗಳು ಬಿಗಿಯದೆ ರಕ್ತ ಅಲ್ಲೇ ನಿಲ್ಲುವುದರಿಂದ ಕಣ್ಣು ಕತ್ತಲಿಟ್ಟು ರೋಗಿ ಬೀಳಬಹುದು. ಆದ್ದರಿಂದಲೇ 1 ಮಿಲಿಗ್ರಾಂಗೆ ಮೀರದಂತೆ, ಮಲಗುವ ಹೊತ್ತಿಗೆ ಆರಂಭಿಸುತ್ತಾರೆ. ಪ್ರಾಸ್ಟೇಟ್ ತೊಂದರೆಯ ವೃದ್ಧರು ಅದೇ ರಾತ್ರಿ ಮೂತ್ರಕ್ಕೆ ಏಳುವವರು. ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಕುಳಿತು ಆಮೇಲೆ ಏಳಬೇಕೆಂದು ಅವರಿಗೆ ಬಿಡಿಸಿ ಹೇಳಲೇಬೇಕು. ಮೂಗು ಕಟ್ಟುವುದು, ತಲೆನೋವು, ಸುಸ್ತು ಸಾಮಾನ್ಯ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮುನ್ನ ಈ ಔಷಧದ ವಿಷಯ ವೈದ್ಯರಿಗೆ ತಿಳಿದಿರಬೇಕು.

ನಮ್ಮ ನೆಲಕ್ಕೆ ಹತ್ತಿರವಾದ ಉಪಯೋಗ ಕೆಂಪು ಚೇಳಿನ ಕಡಿತದ್ದು. ವಿಷವು ನರಕೋಶದೊಳಕ್ಕೆ ಸೋಡಿಯಂ ಬಿಡುವ ನಾಲೆಗಳನ್ನು ಮುಚ್ಚಗೊಡದೆ ನರಗಳನ್ನು ಕೆರಳಿಸಿದಾಗ ನಾರ್‌ಅಡ್ರಿನಲಿನ್ ಹೊನಲಾಗಿ ಹರಿಯುತ್ತದೆ: ಮೈ ಬೆವರುತ್ತದೆ, ಕೈಕಾಲು ತಣ್ಣಗಾಗುತ್ತವೆ, ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮಹಾರಾಷ್ಟ್ರದ ಮಹಾಡದ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್ ಇದಕ್ಕೆ ಪ್ರಾಜೋಸಿನ್ ಬಳಸಿ 1986ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಮಕ್ಕಳಿಗೆ ದೇಹತೂಕದ ಪ್ರತಿ ಕಿಲೋಗೆ 30 ಮೈಕ್ರೋಗ್ರಾಂ ಬಾಯಿಯ ಮೂಲಕ ಕೊಟ್ಟು, ಮಗುವನ್ನು ಎತ್ತಿಕೊಳ್ಳದೆ ಮಲಗಿಸಿಯೇ ಇಟ್ಟು, ತಣ್ಣಗಿದ್ದ ಪಾದಗಳು ಬೆಚ್ಚಗಾಗುವುದನ್ನು ಕೈಯಿಟ್ಟು ನೋಡುತ್ತಾರೆ.