ನಿಧಾನವಾಗಬೇಕಾದ ನಕ್ಷತ್ರ ಇದ್ದಕ್ಕಿದ್ದಂತೆ ಜೋರಾಗಿ ತಿರುಗುವುದೇಕೆ?

ಮಾರ್ಚ್ ತಿಂಗಳ ರಾತ್ರಿ ಮಲ್ಪೆ ಬೀಚಿನಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ಅಗಸ್ತ್ಯ ನಕ್ಷತ್ರ ಹೊಳೆಯುತ್ತದೆ. ಅದರ ಎಡಕ್ಕೆ, ನಮ್ಮ ಬರಿಗಣ್ಣಿಗೆ ಕಾಣದ ವೇಲಾ ಪಲ್ಸರ್ (ತಿರುಗುತ್ತಾ ರೇಡಿಯೊ ಮಿಡಿತ ಕಳಿಸುವ ನಕ್ಷತ್ರ) ಇದೆ. ಅದೊಂದು ನ್ಯೂಟ್ರಾನ್ ನಕ್ಷತ್ರ, ಅಂದರೆ ದೊಡ್ಡ ನಕ್ಷತ್ರ ಸಿಡಿದ ಮೇಲೆ ಕುಗ್ಗಿ ಉಳಿದ ತಿರುಳು. ಅಗಲ ಸುಮಾರು 20 ಕಿ.ಮೀ., ಅಂದರೆ ಮಂಗಳೂರು ಪೇಟೆಯಿಂದ ಸುರತ್ಕಲ್ ದಾಟಿ ಸ್ವಲ್ಪ ಮುಂದೆ ಹೋದಷ್ಟು. ಸೆಕೆಂಡಿಗೆ 11 ಸುತ್ತು ತಿರುಗುತ್ತದೆ.

ಇಂಥ ನಕ್ಷತ್ರಗಳ ವೇಗ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಾ ಹೋಗುತ್ತದೆ. ಆದರೆ 1969ರ ಫೆಬ್ರವರಿ 24 ಮತ್ತು ಮಾರ್ಚ್ 3ರ ನಡುವೆ ವೇಲಾ ದಿಢೀರನೆ ವೇಗ ಹೆಚ್ಚಿಸಿಕೊಂಡಿತು. ಒಂದು ಸುತ್ತಿಗೆ ಬೇಕಾದ ಸಮಯ ಇಳಿದದ್ದು ಸೆಕೆಂಡಿನ ಕೋಟಿಯಲ್ಲಿ ಎರಡು ಭಾಗದಷ್ಟು ಮಾತ್ರ, ಆದರೂ ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೊ ದೂರದರ್ಶಕದಲ್ಲಿ ವಿ. ರಾಧಾಕೃಷ್ಣನ್ ಮತ್ತು ಆರ್.ಎನ್. ಮ್ಯಾಂಚೆಸ್ಟರ್ ಎಂಬ ವಿಜ್ಞಾನಿಗಳು ಅದನ್ನು ಹಿಡಿದರು. ಅಮೆರಿಕದ ಗೋಲ್ಡ್‌ಸ್ಟೋನ್ ರೇಡಿಯೊ ಕೇಂದ್ರದಲ್ಲೂ ಇದು ಕಂಡಿತ್ತು. ರಾಧಾಕೃಷ್ಣನ್ ಅವರು ಸಿ.ವಿ. ರಾಮನ್ ಅವರ ಮಗ, ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದವರು. ಪಿಲಿಕುಳದ ತಾರಾಲಯಕ್ಕೆ ಬರುವ ಮಕ್ಕಳಿಗೆಲ್ಲ ಈ ಹೆಸರು ಗೊತ್ತಾಗಬೇಕು ಅಂತ ನನಗೆ ತುಂಬಾ ಆಸೆ.

ಈ ಜಿಗಿತಕ್ಕೆ ಗ್ಲಿಚ್ ಅಂತಾರೆ. ನಕ್ಷತ್ರದ ಗಟ್ಟಿ ಹೊರಪದರ ಬಿರುಕು ಬಿಟ್ಟಿರಬೇಕು ಎಂದು ಮೊದಲು ಅಂದುಕೊಂಡರು. ಆದರೆ ವೇಲಾದಲ್ಲಿ ಅಷ್ಟೇ ದೊಡ್ಡ ಗ್ಲಿಚ್‌ಗಳು ಸುಮಾರು ಮೂರು ವರ್ಷಕ್ಕೊಮ್ಮೆ ಬರತೊಡಗಿದವು. ಬಿರುಕಿಗೆ ಬೇಕಾದ ಒತ್ತಡ ಅಷ್ಟು ಬೇಗ ಕೂಡಿಬರುವುದಿಲ್ಲ. 1975ರಲ್ಲಿ ಆಂಡರ್ಸನ್ ಮತ್ತು ಇಟೊ ಎಂಬ ವಿಜ್ಞಾನಿಗಳು ಬೇರೆ ವಿವರಣೆ ಕೊಟ್ಟರು. ಒಳಗೆ ಘರ್ಷಣೆಯೇ ಇಲ್ಲದ ದ್ರವವಿದೆ, ಅದು ಲೆಕ್ಕವಿಲ್ಲದಷ್ಟು ಸಣ್ಣ ಸುಳಿಗಳಾಗಿ ತಿರುಗುತ್ತದೆ, ಆ ಸುಳಿಗಳು ಹೊರಪದರಕ್ಕೆ ಸಿಕ್ಕಿಕೊಂಡಿರುವುದರಿಂದ ಹೊರಗೆ ವೇಗ ಇಳಿದರೂ ಒಳಗೆ ಇಳಿಯುವುದಿಲ್ಲ. ರಾಶಿ ಸುಳಿಗಳು ಒಟ್ಟಿಗೆ ಕಳಚಿಕೊಂಡಾಗ ಒಳಗಿನ ವೇಗ ಹೊರಗೆ ಬರುತ್ತದೆ.

ಹಾಗಾದರೆ ಗ್ಲಿಚ್‌ಗಳಿಗೆ ಒಂದು ಲೆಕ್ಕ ಇರಬೇಕು, ಅಲ್ವಾ? 2008ರಲ್ಲಿ ಮೆಲಾಟೋಸ್ ಎಂಬ ವಿಜ್ಞಾನಿಯ ತಂಡ ಒಂದೊಂದೇ ಪಲ್ಸರನ್ನು ಬೇರೆ ಬೇರೆಯಾಗಿ ನೋಡಿತು. ಸುಮ್ನೆ ಎಲ್ಲವನ್ನೂ ಒಂದೇ ರಾಶಿಗೆ ಹಾಕಿದ್ದರೆ ಈ ಭೇದ ಸಿಗುತ್ತಲೇ ಇರಲಿಲ್ಲ. ಹೆಚ್ಚಿನವುಗಳಲ್ಲಿ ಸಣ್ಣ ಗ್ಲಿಚ್‌ಗಳೇ ಜಾಸ್ತಿ, ದೊಡ್ಡವು ಅಪರೂಪ. ಹಿಂದಿನದು ಆಗಿ ಎಷ್ಟು ದಿನವಾಯಿತು ಎಂದು ನೋಡಿ ಮುಂದಿನದನ್ನು ಹೇಳಲಾಗದು. ಒಂದು ಸುಳಿ ಕಳಚಿದರೆ ಪಕ್ಕದ್ದೂ ಕಳಚುತ್ತದೆ, ಅದು ಎಲ್ಲಿಯವರೆಗೆ ಹಬ್ಬುತ್ತದೆ ಎಂಬುದಕ್ಕೆ ನಿಶ್ಚಯವಿಲ್ಲ ಎಂಬ ಚಿತ್ರಕ್ಕೆ ಇದು ಹೊಂದುತ್ತದೆ.

ವೇಲಾ ಈ ಗುಂಪಿಗೆ ಸೇರುವುದಿಲ್ಲ, ಅದರ ದೊಡ್ಡ ಗ್ಲಿಚ್‌ಗಳು ಹೆಚ್ಚುಕಮ್ಮಿ ಒಂದೇ ಅಂತರದಲ್ಲಿ ಬರುತ್ತವೆ. ದೊಡ್ಡ ಮೆಗೆಲಾನಿಕ್ ಮೋಡ ಎಂಬ ನಮ್ಮ ಪಕ್ಕದ ಗ್ಯಾಲಕ್ಸಿಯ ಜೆ0537-6910 ಎಂಬ ಪಲ್ಸರ್ ಇನ್ನೂ ವಿಶೇಷ. ಅಲ್ಲಿ ಗ್ಲಿಚ್ ದೊಡ್ಡದಾದಷ್ಟೂ ಮುಂದಿನದಕ್ಕೆ ಜಾಸ್ತಿ ಕಾಯಬೇಕು.

ಹೊರಪದರದ ಒಳಭಾಗದಲ್ಲಿರುವ ದ್ರವ ಮಾತ್ರ ವೇಲಾದ ಗ್ಲಿಚ್‌ಗಳಿಗೆ ಸಾಲದು ಎಂಬ ವಾದ 2012ರಿಂದ ಎದ್ದಿದೆ. ಒಳತಿರುಳೂ ಪಾಲು ಕೊಡುತ್ತದೆಯೇ ಎಂಬ ಚರ್ಚೆ ಮುಗಿದಿಲ್ಲ. ಊಟಿ ರೇಡಿಯೊ ದೂರದರ್ಶಕ ಮತ್ತು ಪುಣೆ ಬಳಿಯ ಜಿಎಂಆರ್‌ಟಿ ಎಂಬ ರೇಡಿಯೊ ದೂರದರ್ಶಕಗಳ ಸಾಲಿನಿಂದ ನಮ್ಮ ದೇಶದವರೂ ಗ್ಲಿಚ್‌ಗಳನ್ನು ದಾಖಲಿಸುತ್ತಿದ್ದಾರೆ.